ಲಿನಕ್ಸಿನ ಇಡೀ ಕರ್ನಲ್ ಮತ್ತೆ ಕಟ್ಟದೆ ಒಂದೇ ಮಾಡ್ಯೂಲ್ ಸೇರಿಸಲು ಆಗುತ್ತದಾ?

ಪೆರ್ಲದ ತೋಟ:
ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಎಷ್ಟು ಮಳೆ ಬಂತು ಅಂತ ಅಪ್ಪ ದಿನಾ ಬೆಳಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಳೆರೋಗಕ್ಕೆ ಎರಡನೇ ಮದ್ದು ಯಾವಾಗ ಬಿಡುವುದು ಅಂತ ಅದನ್ನು ನೋಡಿಯೇ ತೀರ್ಮಾನ. ಈಗ ಅವರಿಗೆ ಜಾರುವ ಅಂಗಳದಲ್ಲಿ ನಡೆಯುವುದು ಕಷ್ಟ. ಹಾಗಾಗಿ ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಮಳೆಮಾಪಕ ಜೋಡಿಸಿ ಹಳೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ.

ಲ್ಯಾಪ್‌ಟಾಪಿನಲ್ಲಿ 2 ಜಿಬಿ ರ‍್ಯಾಮ್ ಮಾತ್ರ. ಅದಕ್ಕೇ ಲಿನಕ್ಸಿನ ತಿರುಳಾದ ಕರ್ನಲನ್ನು (6.1) ಬೇಡದ್ದೆಲ್ಲ ತೆಗೆದು ನಾನೇ ಕಟ್ಟಿಕೊಂಡಿದ್ದೆ. 5 ಗಂಟೆ ಹಿಡಿಯಿತು, ನಡುವೆ ಎರಡು ಸಲ ಕರೆಂಟೂ ಹೋಯಿತು. ಈಗ ನೋಡಿದರೆ ಇಂಥ ಬೋರ್ಡಿನ ಜೊತೆ ಮಾತಾಡಲು ಬೇಕಾದ ಯುಎಸ್‌ಬಿ ಸೀರಿಯಲ್ ಪೂರ್ತಿ ತೆಗೆದುಬಿಟ್ಟಿದ್ದೇನೆ. ಸಿಕ್ಕಿಸಿದ ಸಾಧನಗಳನ್ನು ತೋರಿಸುವ ಎಲ್‌ಎಸ್‌ಯುಎಸ್‌ಬಿಯಲ್ಲಿ 1ಎ86:7523 ಅಂತ ಕಾಣುತ್ತದೆ, ಆದರೆ ಬೋರ್ಡಿನ ಲೆಕ್ಕ ಓದಲು ಬೇಕಾದ ಟಿಟಿವೈಯುಎಸ್‌ಬಿ0 ಪೋರ್ಟ್ ಹುಟ್ಟುವುದೇ ಇಲ್ಲ. ಕರ್ನಲ್ ಕಟ್ಟಿದ ಸೋರ್ಸ್ ಫೋಲ್ಡರ್ ಹಾಗೇ ಇದೆ. ಮತ್ತೆ 5 ಗಂಟೆ ಕೂರಬೇಕಾ?

ನೀರ್ಚಾಲು:
ಬೇಡ ಮಾರಾಯ್ರೇ. ಆ ನಂಬರ್ ಸಿಎಚ್340 ಚಿಪ್‌ನದ್ದು. ಅದನ್ನು ನಡೆಸುವ ಡ್ರೈವರಿನ ಹೆಸರು ಸಿಎಚ್341.

ಅದೇ ಫೋಲ್ಡರಿನಲ್ಲಿ ಮೇಕ್ ಮೆನುಕಾನ್ಫಿಗ್ ಕೊಡಿ, ಆಯ್ಕೆಗಳ ಪಟ್ಟಿ ಬರುತ್ತದೆ. ಡಿವೈಸ್ ಡ್ರೈವರ್ಸ್, ಯುಎಸ್‌ಬಿ ಸಪೋರ್ಟ್ ಒಳಗೆ ಹೋಗಿ ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಸಪೋರ್ಟಿಗೆ ಎಂ ಒತ್ತಿ. ಅದರೊಳಗೆ ಸಿಎಚ್341ಕ್ಕೂ ಎಂ. ಎಂ ಅಂದರೆ ಮಾಡ್ಯೂಲ್, ಬೇಕಾದಾಗ ಲೋಡ್ ಆಗುವ ಬೇರೆ ಫೈಲ್. ವೈ ಒತ್ತಬೇಡಿ. ವೈ ಅಂದರೆ ಕರ್ನಲಿನ ಒಳಗೇ ಸೇರಿಸು ಅಂತ, ಆಗ ಇಡೀ ಕರ್ನಲ್ ಕಟ್ಟಲೇಬೇಕು. ಆಮೇಲೆ ಮೇಕ್ ಮಾಡ್ಯೂಲ್ಸ್_ಪ್ರಿಪೇರ್. ಅದು ಮುಗಿದ ಮೇಲೆ ಮೇಕ್ ಎಂ=ಡ್ರೈವರ್ಸ್/ಯುಎಸ್‌ಬಿ/ಸೀರಿಯಲ್ ಮಾಡ್ಯೂಲ್ಸ್. ಆ ಒಂದು ಫೋಲ್ಡರ್ ಮಾತ್ರ ಕಟ್ಟುತ್ತದೆ, ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಕೊನೆಯ ಪದ ಮಾಡ್ಯೂಲ್ಸ್_ಇನ್‌ಸ್ಟಾಲ್ ಅಂತ ಬದಲಿಸಿ ರೂಟ್ ಆಗಿ ಇನ್ನೊಮ್ಮೆ ಕೊಡಿ. ನಂತರ ಮಾಡ್ಯೂಲ್‌ಗಳ ಪಟ್ಟಿ ಮಾಡಲು ಡೆಪ್‌ಮಾಡ್ -ಎ, ಲೋಡ್ ಮಾಡಲು ಮಾಡ್‌ಪ್ರೋಬ್ ಸಿಎಚ್341.

ಲೋಡ್ ಮಾಡಲು ಇನ್ಸ್‌ಮಾಡ್ ಬಳಸಬೇಡಿ. ಸಿಎಚ್341ಕ್ಕೆ ಯುಎಸ್‌ಬಿಸೀರಿಯಲ್ ಮೊದಲು ಬೇಕು. ಮಾಡ್‌ಪ್ರೋಬ್ ಅದನ್ನು ತಾನೇ ಹುಡುಕಿ ತರುತ್ತದೆ, ಇನ್ಸ್‌ಮಾಡ್ ತರುವುದಿಲ್ಲ.

ಒಂದು ಮಾತು ಮರೆಯಬೇಡಿ. ಮೇಕ್ ಎಂಆರ್‌ಪ್ರಾಪರ್ ಮಾತ್ರ ಕೊಡಬೇಡಿ. ಕಾನ್ಫಿಗ್ ಫೈಲೂ ಹೋಗುತ್ತದೆ, ಮಾಡ್ಯೂಲ್.ಸಿಮ್‌ವರ್ಸ್ ಕೂಡ ಹೋಗುತ್ತದೆ. ಕರ್ನಲ್ ಹೊರಗೆ ಕೊಡುವ ಸಿಂಬಲ್‌ಗಳ (ಮಾಡ್ಯೂಲ್‌ಗಳು ಬಳಸುವ ಹೆಸರುಗಳ) ಪಟ್ಟಿ ಇರುವುದು ಆ ಫೈಲಿನಲ್ಲಿ. ಮಾಡ್ಯೂಲ್ಸ್_ಪ್ರಿಪೇರ್ ಅದನ್ನು ಮತ್ತೆ ಹುಟ್ಟಿಸುವುದಿಲ್ಲ.

ಮಂಜೇಶ್ವರ:
ಎಲ್ಲದಕ್ಕೂ ಈ ದಾರಿ ನಡೆಯುವುದಿಲ್ಲ ಅಂತಲೂ ಹೇಳಬೇಕು. ಕೆಲವು ಆಯ್ಕೆಗಳಿಗೆ ಎಂ ಇರುವುದೇ ಇಲ್ಲ. ಉದಾಹರಣೆಗೆ ಸ್ವಾಪ್, ಅಂದರೆ ರ‍್ಯಾಮ್ ಸಾಲದಾಗ ಡಿಸ್ಕ್ ಬಳಸುವುದು. ಅಂಥದ್ದು ಬಿಟ್ಟುಹೋದರೆ ಕರ್ನಲ್ ಮತ್ತೆ ಕಟ್ಟಲೇಬೇಕು.

ಪೆರ್ಲದ ತೋಟ:
ಕಟ್ಟಿದ್ದು 4 ನಿಮಿಷದಲ್ಲಿ ಆಯಿತು! ಆದರೆ ಮಾಡ್‌ಪ್ರೋಬ್ ಮಾಡ್ಯೂಲ್ ಸಿಗಲಿಲ್ಲ ಅಂದಿತು. ಸುಮ್ನೆ ನೋಡೋಣ ಅಂತ ಇನ್ಸ್‌ಮಾಡ್ ಕೊಟ್ಟೆ. ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್ ಅಂತ ಬಂತು.

ನೀರ್ಚಾಲು:
ಮಾಡ್‌ಇನ್ಫೋ ಕೊಟ್ಟು ವರ್‌ಮ್ಯಾಜಿಕ್ ಸಾಲು ನೋಡಿ, ಮಾಡ್ಯೂಲ್ ಯಾವ ಕರ್ನಲಿಗೆ ಕಟ್ಟಿದ್ದು ಅಂತ ಅದರಲ್ಲಿರುತ್ತದೆ. ಅದರ ಮೊದಲ ಪದ ಯುನೇಮ್ -ಆರ್ ಹೇಳುವ, ಈಗ ಓಡುತ್ತಿರುವ ಕರ್ನಲಿನ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ಕರ್ನಲ್ ಕಟ್ಟುವಾಗ ಹೆಸರಿನ ಕೊನೆಗೆ ಏನಾದರೂ ಬಾಲ ಸೇರಿಸಿದ್ದಿರಾ?

ಪೆರ್ಲದ ತೋಟ:
ಹೌದು, ಅದೇ! ಆವತ್ತು ಮೇಕ್ ಜೊತೆ ಲೋಕಲ್‌ವರ್ಷನ್=-ತೋಟ ಅಂತ ಕೊಟ್ಟಿದ್ದೆ. ಈ ಸಲ ಕೊಡಲಿಲ್ಲ. ಅದಕ್ಕೇ ಫೈಲುಗಳು ಬೇರೆ ಹೆಸರಿನ ಫೋಲ್ಡರಿಗೆ ಹೋಗಿ ಕೂತಿದ್ದವು. ಪ್ರಿಪೇರ್‌ನಿಂದ ಇನ್‌ಸ್ಟಾಲ್ ತನಕ ಎಲ್ಲದಕ್ಕೂ ಅದನ್ನು ಸೇರಿಸಿ ಮತ್ತೆ ಮಾಡಿದೆ. ಟಿಟಿವೈಯುಎಸ್‌ಬಿ0 ಬಂತು. ಆ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೂ ನನ್ನನ್ನು ಸೇರಿಸಿಕೊಂಡೆ.

ನಿನ್ನೆ ರಾತ್ರಿಯ ಮಳೆ ಇದರಲ್ಲಿ 62 ಮಿ.ಮೀ. ಅಪ್ಪ ಕೇಳದೆ ಹೋಗಿ ಅಳೆದು ಬಂದರು, ಅವರ ಪುಸ್ತಕದಲ್ಲಿ 60. ತುಂಬಾ ಉಪಕಾರವಾಯಿತು. ಕರೆಂಟ್ ಹೋಗಿ ಬಂದಾಗಲೆಲ್ಲ ಮಾಡ್‌ಪ್ರೋಬ್ ಕೊಡಬೇಕಾ?

ನೀರ್ಚಾಲು:
ಬೇಡ. ಡೆಪ್‌ಮಾಡ್ ಆಗಿದೆ ಅಲ್ವಾ, ಬೋರ್ಡ್ ಕಂಡ ಕೂಡಲೇ ತಾನೇ ಲೋಡ್ ಆಗುತ್ತದೆ. ಆ ಸೋರ್ಸ್ ಫೋಲ್ಡರನ್ನು ಮಾತ್ರ ಅಳಿಸಬೇಡಿ.