ಸಹಾಯ ಬೇಕು: ಎಪಿಎಲ್‌ನಲ್ಲಿ ಸತತ ದಿನಗಳ ಎಣಿಕೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಚಿಹ್ನೆಗಳಲ್ಲಿ ಬರೆಯುವ ಪ್ರೋಗ್ರಾಮಿಂಗ್ ಭಾಷೆಯಾದ ಡಯಾಲಾಗ್ ಎಪಿಎಲ್ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆಂದು ಕನ್ನಂಬಾಡಿ ಕಟ್ಟೆಯ ದೈನಂದಿನ ನೀರಿನ ಮಟ್ಟವನ್ನು ವರ್ಷಕ್ಕೊಂದು ಅಡ್ಡಸಾಲು, ದಿನಕ್ಕೊಂದು ಕಂಬಸಾಲು ಇರುವಂತೆ ಜೋಡಿಸಿಕೊಂಡಿದ್ದೇನೆ. ಗರಿಷ್ಠ ಮಟ್ಟ 124.80 ಅಡಿಯಿರುವ ಈ ಜಲಾಶಯದಲ್ಲಿ ನೀರು ಪ್ರತಿ ವರ್ಷ ಅತಿ ಹೆಚ್ಚೆಂದರೆ ಸತತ ಎಷ್ಟು ದಿನ 100 ಅಡಿಗಿಂತ ಕೆಳಗಿತ್ತು ಎಂಬುದನ್ನು ಲೂಪ್ (ಒಂದೇ ಆದೇಶವನ್ನು ಮತ್ತೆ ಮತ್ತೆ ನಡೆಸುವುದು) ಬಳಸದೆ ಕಂಡುಕೊಳ್ಳಬೇಕಾಗಿದೆ.

ಕೋಷ್ಟಕದ ಎಡಕ್ಕೆ 100> ಎಂದು ಬರೆದರೆ ಸಾಕು, ಅದು ಪೂರ್ತಿಯಾಗಿ ಒಂದು (100 ಅಡಿಗಿಂತ ಕೆಳಗಿದ್ದ ದಿನ) ಮತ್ತು ಸೊನ್ನೆಗಳಾಗಿ ಬದಲಾಗುತ್ತದೆ. ಅಂತಹ ಒಂದೇ ಸಾಲಿಗೆ ⌈/0,≢¨⊆⍨ ಎಂಬ ಬರಹ ಸರಿಯುತ್ತರ ಕೊಡುತ್ತದೆ: ಬಲದಿಂದ ಎಡಕ್ಕೆ ಓದಿದರೆ, ಒಂದುಗಳ ಗುಂಪುಗಳನ್ನು ಬಿಡಿಸಿ, ಪ್ರತಿ ಗುಂಪನ್ನು ಎಣಿಸಿ, ದೊಡ್ಡದನ್ನು ಆರಿಸುತ್ತದೆ. ನಡುವಿನ ಸೊನ್ನೆ ಇಲ್ಲದಿದ್ದರೆ, ನೀರು 100 ಅಡಿಗಿಂತ ಇಳಿಯದ ವರ್ಷಕ್ಕೆ ಭಾರೀ ಋಣಸಂಖ್ಯೆಯೊಂದು ಬರುತ್ತದೆ.

ಇದನ್ನೇ ⍤1 ಮೂಲಕ ಎಲ್ಲ ಸಾಲುಗಳಿಗೂ ಅನ್ವಯಿಸಬಹುದಾದರೂ, ಸಾಲಿಗೊಮ್ಮೆ ಗುಂಪುಗಳನ್ನು ಕಟ್ಟಿ ಬಿಚ್ಚುವ ಈ ದಾರಿ ನನಗೆ ವೇಷ ಮರೆಸಿದ ಲೂಪಿನಂತೆಯೇ ಕಾಣುತ್ತದೆ. ಬದಲಿಗೆ +\ ಕೊಡುವ ಓಡುವ ಮೊತ್ತದಿಂದ, ಹಿಂದಿನ ಕೊನೆಯ ಸೊನ್ನೆಯ ಜಾಗದಲ್ಲಿದ್ದ ಮೊತ್ತವನ್ನು ಕಳೆದರೆ ಆ ದಿನದವರೆಗಿನ ಸತತ ಎಣಿಕೆ ಸಿಗಬೇಕಲ್ಲವೇ? ಆ ಹಳೆಯ ಮೊತ್ತವನ್ನು ಮುಂದಿನ ಸೊನ್ನೆಯವರೆಗೆ ಒಯ್ಯಲು ⌈\ (ಓಡುವ ಗರಿಷ್ಠ) ಅನ್ನು ಹೇಗೆ ಬಳಸಬೇಕು? ಬಲ್ಲವರು ಇಡೀ ಕೋಷ್ಟಕಕ್ಕೆ ಒಮ್ಮೆಲೇ ಅನ್ವಯವಾಗುವ ಸಾಲನ್ನು, ಸಾಧ್ಯವಾದರೆ ಪ್ರತಿ ಚಿಹ್ನೆಯ ಕೆಲಸವನ್ನೂ ವಿವರಿಸಿ, ತಿಳಿಸಿಕೊಡಬೇಕಾಗಿ ವಿನಂತಿ.