‘ನ್ಯಾಷನಲ್ ಮಾನ್ಯುಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕದ ನ್ಯಾಷನಲ್ ಪಾರ್ಕುಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಾರ್ಕಿನ ಮಟ್ಟಿಗೆ ತೊಂದರೆಯಿಲ್ಲ. ಬಂಡೀಪುರ, ನಾಗರಹೊಳೆಯಿಂದಾಗಿ ‘ರಾಷ್ಟ್ರೀಯ ಉದ್ಯಾನ’ ಎಲ್ಲರಿಗೂ ಗೊತ್ತು. ಸಿಕ್ಕಿಕೊಂಡಿರುವುದು ‘ನ್ಯಾಷನಲ್ ಮಾನ್ಯುಮೆಂಟ್’ನಲ್ಲಿ.

‘ರಾಷ್ಟ್ರೀಯ ಸ್ಮಾರಕ’ ಅಂದ ಕೂಡಲೇ ನಮಗೆ ಗುಡಿ, ಕೋಟೆ, ಗೋರಿ ನೆನಪಾಗುತ್ತವೆ, ಅಲ್ವಾ? ಅಲ್ಲಿನ ಮೊದಲ ಮಾನ್ಯುಮೆಂಟ್ ವಯೋಮಿಂಗ್‌ನ ಡೆವಿಲ್ಸ್ ಟವರ್. ಅದು ತಾನಾಗಿ ಎದ್ದು ನಿಂತ ಕಲ್ಲುಗುಡ್ಡ!

ಇದರ ಹಿಂದೊಂದು ಕತೆಯಿದೆ. ಅಮೆರಿಕದ ನೈಋತ್ಯದ ಚಾಕೋ ಕಣಿವೆ, ಮೇಸಾ ವರ್ಡೆ ಕಡೆ ಮೂಲನಿವಾಸಿಗಳ ಹಾಳೂರುಗಳನ್ನು ಜನ ಅಗೆದು ಹಳೆಯ ಮಡಕೆಗಳನ್ನು ಹೊತ್ತೊಯ್ಯುತ್ತಿದ್ದರು. ಅದನ್ನು ತಡೆಯಲು 1906ರಲ್ಲಿ ಆಂಟಿಕ್ವಿಟೀಸ್ ಆ್ಯಕ್ಟ್ (ಪ್ರಾಚ್ಯವಸ್ತು ಕಾಯ್ದೆ) ಬಂತು. ಹಳೆಯ ಕಟ್ಟಡಗಳ ಜೊತೆಗೆ ವಿಜ್ಞಾನಕ್ಕೆ ಮುಖ್ಯವಾದ ವಸ್ತುಗಳನ್ನೂ ಅಧ್ಯಕ್ಷರು ‘ನ್ಯಾಷನಲ್ ಮಾನ್ಯುಮೆಂಟ್’ ಅಂತ ಘೋಷಿಸಿ ಕಾಪಾಡಬಹುದು ಅಂತ ಅದರಲ್ಲಿತ್ತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಿಡಿದುಕೊಂಡದ್ದು ಇದನ್ನೇ. ಜಾಗ ಎಷ್ಟು ಬೇಕೋ ಅಷ್ಟೇ ಇರಲಿ ಅಂತ ಕಾಯ್ದೆ ಹೇಳಿದ್ದರೂ, 1908ರಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ನ 8 ಲಕ್ಷ ಎಕರೆಗಿಂತ ಜಾಸ್ತಿ ಜಾಗವನ್ನು ಮಾನ್ಯುಮೆಂಟ್ ಮಾಡಿಬಿಟ್ಟರು. ಅಲ್ಲಿ ಗಣಿ ಹಕ್ಕು ತೋರಿಸಿ, ಕಣಿವೆಗಿಳಿಯುವ ದಾರಿಯಲ್ಲಿ ಸುಂಕ ಎತ್ತುತ್ತಿದ್ದ ರಾಲ್ಫ್ ಕ್ಯಾಮರಾನ್ ಸುಮ್ಮನಿರಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 1920ರಲ್ಲಿ ಅವರು ಸೋತರು. ಅಷ್ಟರಲ್ಲಿ, 1919ರಲ್ಲೇ, ಅದೇ ಕಣಿವೆ ಪಾರ್ಕ್ ಆಗಿತ್ತು.

ಹಾಗಾಗಿ ಜಾಗ ಎಂಥದ್ದು ಅನ್ನುವುದಕ್ಕಿಂತ ಯಾರು ಘೋಷಿಸಿದರು ಅನ್ನುವುದೇ ಇಲ್ಲಿ ಮುಖ್ಯ. ಪಾರ್ಕ್ ಆಗಬೇಕಾದರೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಕಾನೂನು ಮಾಡಬೇಕು. ಮಾನ್ಯುಮೆಂಟನ್ನು ಕಾಂಗ್ರೆಸ್ಸೂ ಮಾಡಬಹುದು, ಆದರೆ ಅಧ್ಯಕ್ಷರ ಸಹಿಯೇ ಸಾಕು. ಅದಕ್ಕೇ ಯೂಟಾದ ಬೇರ್ಸ್ ಇಯರ್ಸ್ ಅನ್ನುವ ಮಾನ್ಯುಮೆಂಟ್ 2016ರಲ್ಲಿ ಒಬ್ಬ ಅಧ್ಯಕ್ಷರಿಂದ ಹುಟ್ಟಿ, 2017ರಲ್ಲಿ ಇನ್ನೊಬ್ಬರಿಂದ ಕುಗ್ಗಿ, 2021ರಲ್ಲಿ ಮತ್ತೊಬ್ಬರಿಂದ ಹಿಗ್ಗಿತು.

‘ನಿಸರ್ಗ ಸ್ಮಾರಕ’ ಅನ್ನೋಣವೆಂದರೆ ಲಿಬರ್ಟಿ ಪ್ರತಿಮೆಯೂ 1924ರಿಂದ ಮಾನ್ಯುಮೆಂಟೇ. ಹಾಗಂತ ‘ಸ್ಮಾರಕ’ವನ್ನು ಪೂರ್ತಿ ಬಿಡುವ ಹಾಗೂ ಇಲ್ಲ. ಲಾಲ್‌ಬಾಗಿನ ಬಂಡೆ, ಮಲ್ಪೆಯ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ನಮ್ಮಲ್ಲಿ ‘ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ’ಗಳೇ. ಡೆವಿಲ್ಸ್ ಟವರ್ ಮೈಮೇಲೂ ಅಂಥದ್ದೇ ಕಂಬಗಳಿವೆ.

ನನ್ನ ಒಲವು ‘ರಾಷ್ಟ್ರೀಯ ಘೋಷಿತ ತಾಣ’ದ ಕಡೆ. ಸ್ವಲ್ಪ ಕಚೇರಿ ಕಡತದ ವಾಸನೆ ಇದೆ, ನಿಜ. ಇಲ್ಲವೇ ಸುಮ್ನೆ ‘ಮಾನ್ಯುಮೆಂಟ್’ ಅಂತಲೇ ಉಳಿಸಿಕೊಳ್ಳಲಾ? ಪಠ್ಯಪುಸ್ತಕದಲ್ಲೋ ಪತ್ರಿಕೆಯಲ್ಲೋ ಬೇರೆ ಪದ ನೋಡಿದ್ದರೆ ದಯವಿಟ್ಟು ತಿಳಿಸಿ.