‘ರೀಜನರೇಟರ್’ಗೆ ‘ಕಾವುಗಡ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸ್ಟರ್ಲಿಂಗ್ ಕೂಲರ್ ಪರೀಕ್ಷೆ ಮಾಡುವ ಕ್ರಮವನ್ನು ನಮ್ಮ ಡಿಪ್ಲೊಮಾ ಹುಡುಗರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೀಲಿಯಂ ಅನಿಲವನ್ನು ಒತ್ತಿ, ಹಿಗ್ಗಿಸಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಂದರೆ ನೈಟ್ರೋಜನ್ ದ್ರವವಾಗುವಷ್ಟು ತಣ್ಣಗೆ ಮಾಡಬಲ್ಲ ಯಂತ್ರ ಇದು. ಪಿಸ್ಟನ್, ಸಿಲಿಂಡರ್ ಹಾಗೇ ಇಟ್ಟುಕೊಂಡೆ. ಸಿಕ್ಕಿಹಾಕಿಕೊಂಡದ್ದು ರೀಜನರೇಟರ್ ಹತ್ತಿರ.

ಮೊದಲು ‘ಪುನರುತ್ಪಾದಕ’ ಎಂದು ಬರೆದಿದ್ದೆ. ಕರಡು ಓದಿದ ಹುಡುಗನೊಬ್ಬ ಕೇಳಿದ: “ಸರ್, ತಣ್ಣಗೆ ಮಾಡೋ ಮಷಿನ್‌ನಲ್ಲಿ ಮತ್ತೆ ಏನನ್ನ ಉತ್ಪಾದನೆ ಮಾಡ್ತಾರೆ?” ಅವನು ಕೇಳಿದ್ದು ಸರಿ. ಅಲ್ಲಿ ಏನೂ ಹೊಸದಾಗಿ ಹುಟ್ಟುವುದಿಲ್ಲ.

ಆ ಭಾಗ ಬಿಚ್ಚಿ ನೋಡಿದರೆ ಒಂದು ತೆಳು ಸ್ಟೀಲ್ ಕೊಳವೆ. ಒಳಗೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಪೇರಿಸಿದ ತಂತಿಜಾಲರಿ, ಹಿಟ್ಟಿನ ಜರಡಿಗಿಂತ ಎಷ್ಟೋ ನಯ. ತಣ್ಣನೆ ಕಡೆಗೆ ಹೋಗುವಾಗ ಹೀಲಿಯಂ ತನ್ನ ಕಾವನ್ನು ಜಾಲರಿಗೆ ಕೊಟ್ಟು ಹೋಗುತ್ತದೆ. ವಾಪಸ್ ಬರುವಾಗ ಅದೇ ಕಾವನ್ನು ಇಸಿದುಕೊಂಡು ಬರುತ್ತದೆ. ಎಷ್ಟೋ ಚಿಕ್ಕ ಕೂಲರ್‌ಗಳಲ್ಲಿ ಇದು ಸೆಕೆಂಡಿಗೆ ಸುಮಾರು 50 ಸಲ!

ಪರೀಕ್ಷೆಯಲ್ಲಿ ತಣ್ಣನೆ ತುದಿಗೆ ಸಣ್ಣ ಹೀಟರ್ ಕೂರಿಸಿ, ಸುತ್ತಲಿನ ಗಾಳಿ ತೆಗೆದು, ವಾಟ್ ಏರಿಸುತ್ತಾ ಉಷ್ಣತೆ ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳುತ್ತೇವೆ. ಹೀಟರ್ ಆಫ್ ಇದ್ದಾಗಲೂ ಬೇಕಾದಷ್ಟು ಕೆಳಗಿಳಿಯಲಿಲ್ಲವೇ? ನಿರ್ವಾತ ಸರಿಯಿದ್ದರೆ ನನಗೆ ಮೊದಲ ಅನುಮಾನ ಈ ಜಾಲರಿ ಮೇಲೇ. ಅದರಲ್ಲಿ ಹೋಗಿಬರುವ ಕಾವು, ಯಂತ್ರ ತುದಿಯಿಂದ ಹೀರುವ ಕಾವಿಗಿಂತ ಎಷ್ಟೋ ಪಟ್ಟು ಜಾಸ್ತಿ. ನೂರರಲ್ಲಿ ಒಂದು ಪಾಲು ಸರಿಯಾಗಿ ವಾಪಸ್ ಬಾರದಿದ್ದರೂ ಗಳಿಸಿದ ಚಳಿಯಲ್ಲಿ ದೊಡ್ಡ ಪಾಲು ಹೋಯಿತು.

ಹಾಗಾಗಿ ನನಗೆ ಹೊಳೆದದ್ದು ‘ಕಡ’. ಸಾಲಕ್ಕೆ ಬಡ್ಡಿ ಇದೆ. ಎರವಲು ಅಂದರೆ ತಂದ ವಸ್ತುವನ್ನೇ ಹಿಂದಿರುಗಿಸಬೇಕು. ಕಡ ಹಾಗಲ್ಲ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಒಂದು ಲೋಟ ಕೊಟ್ಟರಾಯಿತು, ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ಕೈಗಡ ಇದ್ದ ಹಾಗೆ ಕಾವುಗಡ.

1816ರಲ್ಲಿ ಪೇಟೆಂಟ್ ಪಡೆದ ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ ಈ ಭಾಗಕ್ಕಿಟ್ಟ ಹೆಸರು ಎಕಾನಮೈಸರ್. ಅವರದು ಬೆಂಕಿಯ ಕಾವಿನಿಂದ ನಡೆಯುವ ಎಂಜಿನ್, ಉರುವಲು ಉಳಿಸುವುದು ಅವರ ಗುರಿ. ಆ ದಾರಿಯಲ್ಲಿ ‘ಕಾವುಳಿಕ’ ಅನ್ನಬಹುದು. ಆದರೆ ಬಾಯ್ಲರ್‌ನಲ್ಲಿ ಎಕಾನಮೈಸರ್ ಅಂತಲೇ ಬೇರೆ ಭಾಗವಿದೆ, ಗೊಂದಲ ಆಗುತ್ತದೆ ಅಲ್ವಾ?

ಒಂದು ತೊಡಕು ಉಳಿದಿದೆ. ಕಡ ಎಂಬುದು ವ್ಯವಹಾರದ ಹೆಸರು, ವಸ್ತುವಿನದಲ್ಲ. ‘ಕಾವುಗಡದ ಜಾಲರಿ’ ಅಂದರೆ ಉದ್ದವಾಯಿತೇ? ಮತ್ತೆ ಆ ತಣ್ಣನೆ ತುದಿಗೆ ‘ತಂಪುತುದಿ’ ಅನ್ನಲು ನನಗೆ ಮನಸ್ಸಿಲ್ಲ. ತಂಪು ಹೊಂಗೆ ನೆರಳಿಗೆ ಸರಿ, ಮುಟ್ಟಿದರೆ ಚರ್ಮ ಸುಡುವ ಚಳಿಗಲ್ಲ. ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ.